ಹಾಸಿಗೆ ಖಾಲಿ ಇದ್ದರೆ ಬಾಗಿಲು ನೋಡಿ

ಮಾನ್ಯ ಸಂಪಾದಕರೇ,

ವಸತಿರಹಿತರ ಆಶ್ರಯ ಕೇಂದ್ರದಲ್ಲಿ ಮಂಚ ಖಾಲಿ ಉಳಿದರೆ ‘ಮಂಗಳೂರಲ್ಲಿ ಅಂಥವರು ಹೆಚ್ಚಿಲ್ಲ’ ಎಂದುಬಿಡುವುದು ಸುಲಭ. ರಾತ್ರಿ ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ ಕಡೆಯ ಅಂಗಡಿ ಜಗಲಿಗಳನ್ನು ನೋಡಿದವರು ಹಾಗೆನ್ನಲಾರರು. 2024ರಲ್ಲಿ ಮುಗಿದ ಕೇಂದ್ರ ಸರಕಾರದ ಯೋಜನೆಯಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ನೆಲೆ ಬೇಕಿತ್ತು. ತಲಾ 50 ಚದರ ಅಡಿ, ವರ್ಷವಿಡೀ, ದಿನದ 24 ಗಂಟೆ. 2011ರ ಜನಗಣತಿಯಲ್ಲೇ ಐದು ಲಕ್ಷದ ಹತ್ತಿರವಿದ್ದ ನಮ್ಮ ನಗರಕ್ಕೆ ಸುಮಾರು 500 ಹಾಸಿಗೆ ಎಂದಾಯಿತು.

ಜನ ಬಾರದಿರುವುದಕ್ಕೆ ಕಾರಣ ಹೆಚ್ಚಾಗಿ ಬಾಗಿಲಲ್ಲೇ ಇರುತ್ತದೆ. ಗಾರೆ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರಲ್ಲಿ ಹೆಂಡತಿ ಮಕ್ಕಳ ಸಮೇತ ಇರುವವರಿದ್ದಾರೆ. ಗಂಡಸರಿಗೆ ಒಂದು ಕಟ್ಟಡ, ಹೆಂಗಸರಿಗೆ ಇನ್ನೊಂದು ಎಂದರೆ ಅವರು ಜಗಲಿಯನ್ನೇ ಆರಿಸಿಕೊಳ್ಳುತ್ತಾರೆ. ಗೇಟು ಹತ್ತಕ್ಕೇ ಮುಚ್ಚಿದರೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಹೊರಗೇ. ಬೀಗ ಹಾಕುವ ಕಪಾಟಿಲ್ಲದಿದ್ದರೆ ಹಾರೆ, ಪಿಕ್ಕಾಸು ಕಾಯುತ್ತಾ ಯಾರೂ ನಿದ್ದೆ ಮಾಡಲಾರರು, ಅದು ಹೋದರೆ ಮರುದಿನದ ಕೂಲಿಯೂ ಹೋಯಿತು. ಆಧಾರ್ ಕೇಳುವುದಂತೂ ತಲೆಕೆಳಗಾದ ಕ್ರಮ. ಮೊದಲ ರಾತ್ರಿಗೆ ಹೆಸರು, ಊರು, ಒಂದು ಫೋಟೊ ಸಾಕು. ಕಾರ್ಡ್ ಮಾಡಿಸಲು ಆಶ್ರಯ ಕೇಂದ್ರದ ಪತ್ರವನ್ನು ಆಮೇಲೆ ಕೊಡಬಹುದು.

ಉತ್ತರ ಭಾರತದಲ್ಲಿ ಚಿಂತೆ ಚಳಿಯದ್ದು, ನಮ್ಮಲ್ಲಿ ಮಳೆಯದ್ದು. ದಾನಿಗಳು ಕೊಡುವ ದಪ್ಪ ಕಂಬಳಿ ಜೂನ್‌ನಲ್ಲಿ ಒಮ್ಮೆ ಒದ್ದೆಯಾದರೆ ವಾರವಾದರೂ ಒಣಗದೆ ಬೂಸ್ಟು ಹಿಡಿಯುತ್ತದೆ. ತಲಾ ಎರಡು ಹತ್ತಿ ಹೊದಿಕೆ, ಜೊತೆಗೆ ಫ್ಯಾನ್ ಇರುವ ಒಣಗಿಸುವ ಕೋಣೆ ಇದ್ದರೆ ಹೆಚ್ಚು ಉಪಯೋಗ. ಕಜ್ಜಿ ಕಂಡರೆ ಒಬ್ಬರಿಗೆ ಮಾತ್ರ ಮುಲಾಮು ಹಚ್ಚಿ ಪ್ರಯೋಜನವಿಲ್ಲ, ಪಕ್ಕದ ಹಾಸಿಗೆಯಿಂದ ಮತ್ತೆ ಬರುತ್ತದೆ. ವೈದ್ಯರ ಸಲಹೆಯಂತೆ ಕೋಣೆಯವರೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಪರ್ಮೆಥ್ರಿನ್ ಎಂಬ ಮುಲಾಮು ಹಚ್ಚಿ, ವಾರ ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ಬಟ್ಟೆ ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ವಾರ ಕಟ್ಟಿಡಬೇಕು. ಮಲೇರಿಯಾದ ಊರಿದು, ಸೊಳ್ಳೆಪರದೆ ಬೇಕೇ ಬೇಕು. ಆದರೆ ಕಟ್ಟಲು ಗೋಡೆಯಲ್ಲಿ ಮೊಳೆ ಇಲ್ಲದಿದ್ದರೆ ಪರದೆ ತಲೆದಿಂಬಾಗುತ್ತದೆ, ಅಷ್ಟೆ.

ಸಾರ್ವಜನಿಕರಿಗೂ ಒಂದು ಮಾತು. ಪಚ್ಚನಾಡಿಯ ನಿರಾಶ್ರಿತರ ಪರಿಹಾರ ಕೇಂದ್ರ ಇರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ, ಅಂದರೆ ಭಿಕ್ಷುಕರಿಗಾಗಿ. ನಮ್ಮ ಆಸ್ತಿ ತೆರಿಗೆಯ ಮೇಲಿನ ಶೇ 3ರ ಕರ ಹೋಗುವುದು ಆ ವ್ಯವಸ್ಥೆಗೆ. ದುಡಿದು ಬಂದು ಜಗಲಿಯಲ್ಲಿ ಮಲಗಿದವನನ್ನು ಅಲ್ಲಿಗೆ ಸಾಗಿಸಿ ಎಂದು ಫೋನ್ ಮಾಡುವುದು ಸರಿಯಲ್ಲ. ಬೀದಿಯಲ್ಲಿ ವೃದ್ಧರು ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ, ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಾನಸಿಕ ಅಸ್ವಸ್ಥರಾಗಿ ಅಲೆಯುವವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಒಯ್ಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪೊಲೀಸರ ಹೊಣೆ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು.

ಪಾಲಿಕೆ ಮುಂದೆ ವಸತಿರಹಿತರನ್ನು ಎಣಿಸುವಾಗ ರಾತ್ರಿ ಹನ್ನೊಂದರ ನಂತರ, ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಎಣಿಸಲಿ. ಹಗಲು ಹೋದರೆ ಇವರಲ್ಲಿ ಅರ್ಧ ಮಂದಿ ಕೆಲಸದಲ್ಲಿರುತ್ತಾರೆ.

– ಸ್ವಯಂಸೇವಕರು, ಮಂಗಳೂರು