ನಾಟಿಗೆ ಮುಂಚೆ ರೇಣುಕಾಳಿಗೆ

ಕಾರಟಗಿ
ಜುಲೈ ಕೊನೆಯ ವಾರ

ಚಿ. ಸೌ. ರೇಣುಕಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಸಂಜೀವಿನಿ ಮಹಿಳಾ ಸಂಘಗಳ ಒಕ್ಕೂಟದವರು ನಿನ್ನನ್ನು ಊರಿನ ರೈತರಿಗೆ ಬೇಸಾಯದ ತಿಳಿವಳಿಕೆ ಕೊಡುವ ಕೃಷಿ ಸಖಿಯಾಗಿ ಆರಿಸಿದ್ದನ್ನು ನಿನ್ನಪ್ಪ ಹೇಳಿದ. ನಿಮ್ಮ ದೊಡ್ಡಮ್ಮ ಅವತ್ತೇ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು. ಮೊದಲ ಸಭೆಯಲ್ಲಿ ಮಾತಾಡಲು ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಿ. ಬರೆದುಕೊಡುವುದಿಲ್ಲ ಅವ್ವಾ. ಭಾಷಣ ಬೇಡ ಅನ್ನುವುದಕ್ಕೇ ಇಷ್ಟುದ್ದ ಕಾಗದ.

ಗದ್ದೆಗೆ ಕೀಟನಾಶಕದ ಎಣ್ಣೆ ಕಡಿಮೆ ಹೊಡೆಯಿರಿ ಅಂತ ನಮ್ಮ ಕಾಲುವೆ ಸೀಮೆಯ ರೈತನಿಗೆ ಯಾರು ಹೇಳಿಲ್ಲ? ಇಲಾಖೆಯವರು ಹೇಳಿದರು, ವಿಶ್ವವಿದ್ಯಾಲಯದವರು ಹೇಳಿದರು. ಆತ ತಲೆಯಾಡಿಸುತ್ತಾನೆ, ಕೊಟ್ಟ ಚಹಾ ಕುಡಿಯುತ್ತಾನೆ, ಮರುದಿನ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸಿ ಡಬ್ಬಿ ತರುತ್ತಾನೆ. ಅವನನ್ನು ದಡ್ಡ ಅಂದುಕೊಳ್ಳಬೇಡ. ಗುತ್ತಿಗೆ, ಟ್ರ್ಯಾಕ್ಟರು, ನಾಟಿ ಕೂಲಿ ಎಂದು ಸಾಲ ಸುರಿದ ಗದ್ದೆಯಲ್ಲಿ ನಾಲ್ಕು ಎಲೆ ಬಿಳಿಚಿಕೊಂಡರೆ ಯಾರಿಗೆ ನಿದ್ದೆ ಬರುತ್ತದೆ? ಎಣ್ಣೆ ಹೊಡೆದ ರಾತ್ರಿ ನಿದ್ದೆ ಬರುತ್ತದೆ. ನೀನು ಬಿಡಿಸಬೇಕಾದದ್ದು ಆ ಭಯ, ಅದು ಮಾತಿಗೆ ಬಗ್ಗುವಂಥದ್ದಲ್ಲ.

ನೌಕರಿಯಲ್ಲಿದ್ದಾಗ ನಮಗೆ ತರಬೇತಿಯಲ್ಲಿ ಇಂಡೋನೇಷ್ಯಾದ ಕಥೆ ಹೇಳುತ್ತಿದ್ದರು. ಆಮೇಲೆ ಅದನ್ನು ಹುಡುಕಿ ಹುಡುಕಿ ಓದಿದೆ. ಕಂದು ಜಿಗಿಹುಳು ನಿನಗೆ ಗೊತ್ತೇ ಇದೆ, ಬುಡದಲ್ಲಿ ಕೂತು ರಸ ಹೀರಿ ಗದ್ದೆಯ ನಡುವೆ ಬೆಂಕಿ ಬಿದ್ದ ಹಾಗೆ ದುಂಡಗೆ ಒಣಗಿಸುತ್ತದಲ್ಲ, ಅದೇ. ಆ ದೇಶ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿ ಆಯಿತು, ಎರಡೇ ವರ್ಷದಲ್ಲಿ ಜಾವಾದ ಗದ್ದೆಗಳಿಗೆ ಈ ಹುಳು ನುಗ್ಗಿತು. ಕೀಟನಾಶಕದ ಬೆಲೆಯಲ್ಲಿ ಶೇ 80ರ ಆಸುಪಾಸು ಸರ್ಕಾರವೇ ಕಟ್ಟುತ್ತಿತ್ತು. ಅಗ್ಗದ ಎಣ್ಣೆ, ರೈತರು ಕೈಬಿಚ್ಚಿ ಹೊಡೆದರು. ಹೊಡೆದಷ್ಟೂ ಹುಳು ಹೆಚ್ಚಿತು.

ಯಾಕೆ ಅನ್ನುವುದನ್ನು ನೀನು ಚೆನ್ನಾಗಿ ತಿಳಿದಿರಬೇಕು, ಯಾಕೆಂದರೆ ಇದನ್ನು ಯಾರಾದರೂ ಕೇಳೇ ಕೇಳುತ್ತಾರೆ. ಜಿಗಿಹುಳು ಮೊಟ್ಟೆ ಇಡುವುದು ಕಾಂಡಕ್ಕೆ ಸುತ್ತಿಕೊಂಡ ಎಲೆಯ ಬುಡದ ಒಳಗೆ. ಎಣ್ಣೆ ಅಲ್ಲಿಗೆ ಮುಟ್ಟದು. ಮೊದಲು ಸಾಯುವುದು ಮೇಲೆ ಓಡಾಡುವ ಜೇಡ, ಆ ಮೊಟ್ಟೆಗಳನ್ನೇ ಹುಡುಕಿ ಹೀರುವ ಹಸಿರು ಮಿರಿಡ್ ತಿಗಣೆ. ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆ ಒಡೆದು ಮರಿಗಳು ಹೊರಬಂದಾಗ ಗದ್ದೆಯಲ್ಲಿ ಅವುಗಳನ್ನು ತಿನ್ನುವವರೇ ಇಲ್ಲ. ಪೀಟರ್ ಕೆನ್ಮೋರ್ ಎಂಬ ವಿಜ್ಞಾನಿ ಫಿಲಿಪ್ಪೀನ್ಸಿನ ಗದ್ದೆಗಳಲ್ಲಿ ಇದನ್ನು ತೋರಿಸಿಕೊಟ್ಟಿದ್ದರು. 1986ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ ಒಂದು ಆದೇಶ ಹೊರಡಿಸಿ 57 ಬಗೆಯ ಎಣ್ಣೆಗಳನ್ನು ಭತ್ತಕ್ಕೆ ಹೊಡೆಯಕೂಡದು ಎಂದರು. ಸಬ್ಸಿಡಿಯನ್ನೂ 1989ರ ಹೊತ್ತಿಗೆ ಪೂರ್ತಿ ತೆಗೆದರು. ಭತ್ತದ ಉತ್ಪಾದನೆ ಬೀಳಲಿಲ್ಲ.

ಆದೇಶವೇನೋ ಮೇಲಿನಿಂದ ಬಂತು. ರೈತನ ಭಯಕ್ಕೆ ಆದೇಶ ತಾಗುತ್ತದೆಯೇ? 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಯೋಗ್ಯಕರ್ತಾ ಕಡೆ ಗದ್ದೆಯಲ್ಲೇ ಶಾಲೆ ಶುರುವಾಯಿತು. ನಮ್ಮಲ್ಲಿ ರೈತ ಕ್ಷೇತ್ರ ಪಾಠಶಾಲೆ ಅನ್ನುತ್ತಾರಲ್ಲ, ಅದರ ಮೂಲ ಅಲ್ಲಿದೆ. ಒಂದು ಊರಿನ ಇಪ್ಪತ್ತೈದು ಮಂದಿಯಷ್ಟು ರೈತರು, ವಾರಕ್ಕೊಂದು ಬೆಳಿಗ್ಗೆ, ನಾಟಿಯಿಂದ ಕೊಯ್ಲಿನವರೆಗೆ. ಐದೈದು ಜನ ಗುಂಪಾಗಿ ಗದ್ದೆಗೆ ಇಳಿಯಬೇಕು. ಕೆಲವು ಬುಡ ಆರಿಸಿ ಅದರಿಂದ ಒಡೆದ ಕವಲು, ಅಂದರೆ ತೆಂಡೆ ಎಣಿಸಬೇಕು, ಹುಳು ಎಣಿಸಬೇಕು, ಜೇಡ ಎಣಿಸಬೇಕು, ನೀರು ನೋಡಬೇಕು. ದಡಕ್ಕೆ ಬಂದು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಪೈರು ಬರೆದು, ಒಂದು ಕಡೆ ತಿನ್ನುವ ಹುಳು, ಇನ್ನೊಂದು ಕಡೆ ಅದನ್ನು ತಿನ್ನುವ ಹುಳು ಬರೆಯಬೇಕು. ಆಮೇಲೆ ಈ ವಾರ ಏನು ಮಾಡೋಣ ಅಂತ ಅವರವರೇ ಜಗಳಾಡಿ ತೀರ್ಮಾನಿಸಬೇಕು. ಕಲಿಸುವವ ಉತ್ತರ ಹೇಳುವಂತಿಲ್ಲ. ಇದು ಯಾವ ಹುಳು ಸಾರ್ ಎಂದು ಕೇಳಿದರೆ, ಎಲ್ಲಿ ಸಿಕ್ಕಿತು, ಅಲ್ಲಿ ಏನು ಮಾಡುತ್ತಿತ್ತು ಅಂತ ತಿರುಗಿ ಕೇಳಬೇಕು. ಕುಂಡದಲ್ಲಿ ಒಂದು ಬುಡ ನೆಟ್ಟು, ಸೊಳ್ಳೆ ಪರದೆ ಸುತ್ತಿ, ಒಳಗೆ ಜಿಗಿಹುಳುಗಳನ್ನೂ ಒಂದು ಜೇಡವನ್ನೂ ಬಿಟ್ಟು, ಮರುದಿನ ಎಷ್ಟು ಉಳಿದಿವೆ ಎಂದು ಎಣಿಸುವುದೂ ಒಂದು ಪಾಠ. ಬೇಕೆಂದೇ ಕತ್ತರಿಯಿಂದ ಎಳೆ ಪೈರಿನ ಎಲೆ ಕತ್ತರಿಸಿ, ಕೊಯ್ಲಿನಲ್ಲಿ ಇಳುವರಿ ತೂಗಿ ನೋಡುವುದು ಇನ್ನೊಂದು. ನನಗೆ ಇದೇ ಎಲ್ಲಕ್ಕಿಂತ ಹಿಡಿಸಿದ್ದು. ತನ್ನ ಕೈಯಿಂದಲೇ ಎಲೆ ಕತ್ತರಿಸಿ, ಪೈರು ಮತ್ತೆ ತೆಂಡೆ ಒಡೆದು ತುಂಬಿಕೊಂಡದ್ದನ್ನು ಕಂಡ ರೈತ ಎಲೆ ಸುತ್ತುವ ಹುಳುವಿಗೆ ಅಷ್ಟು ಸುಲಭಕ್ಕೆ ಹೆದರುವುದಿಲ್ಲ.

ಹೀಗೆ ಕಲಿತವರಲ್ಲೇ ಕೆಲವರು ಬೇರೆ ರೈತರಿಗೆ ಶಾಲೆ ನಡೆಸಿದರು. ಹತ್ತು ವರ್ಷದಲ್ಲಿ ಕಲಿತವರ ಲೆಕ್ಕ ಹತ್ತು ಲಕ್ಷಕ್ಕೆ ಮುಟ್ಟಿತು.

ಈಗ ಯಾರೂ ನಿನಗೆ ಹೇಳದ ಮಾತು. ವಿಶ್ವಬ್ಯಾಂಕಿನ ಸಂಶೋಧಕರು ಆಮೇಲೆ ಹೋಗಿ ಅಳೆದು ನೋಡಿದರು. ಶಾಲೆಗೆ ಬಂದವರಿಂದ ಪಕ್ಕದ ಗದ್ದೆಯವರಿಗೆ ವಿದ್ಯೆ ಹರಿದದ್ದು ಅವರಿಗೆ ಕಾಣಲಿಲ್ಲ. ಬಹಳ ಮಂದಿ ಇದನ್ನು ಓದಿ, ಶಾಲೆಯೇ ದಂಡ, ದುಬಾರಿ ಅಂದರು. ನನ್ನ ಲೆಕ್ಕ ಬೇರೆ. ಕತ್ತರಿ ಹಿಡಿದವನಿಗೆ ತಿಳಿದದ್ದು ಅವನು ಕಟ್ಟೆಯ ಮೇಲೆ ಕೂತು ಹೇಳಿದರೆ ಇನ್ನೊಬ್ಬನಿಗೆ ತಿಳಿಯುವುದಿಲ್ಲ, ಅಷ್ಟೇ. ಈಜು ಹಾಗಲ್ಲವೇ? ಹಾಗಾಗಿ ಹತ್ತು ಜನ ಕಲಿತರೆ ಊರೆಲ್ಲ ಕಲಿತಂತೆ ಎಂದು ನಂಬಿ ಕೂರಬೇಡ. ಹನ್ನೊಂದನೆಯವನೂ ಗದ್ದೆಗೆ ಇಳಿಯಲೇಬೇಕು.

ಎಲ್ಲರಿಗೂ ಹಂಗಾಮು ಪೂರ್ತಿ ಶಾಲೆ ನಡೆಸಲು ನಿನ್ನಿಂದ ಆಗದು. ಅದಕ್ಕೆ ವಿಯೆಟ್ನಾಮಿನವರ ದಾರಿ ಹಿಡಿ. ಕೆ. ಎಲ್. ಹಿಯಾಂಗ್ ಮತ್ತು ಮೋನಿನಾ ಎಸ್ಕಲಾಡಾ ಎಂಬಿಬ್ಬರು ಮೆಕಾಂಗ್ ಮುಖಜ ಭೂಮಿಯ ರೈತರಿಗೆ ಒಂದೇ ಒಂದು ಮಾತು ಕೊಟ್ಟರು: ಬಿತ್ತಿದ ಮೊದಲ ನಲವತ್ತು ದಿನ ಎಲೆ ತಿನ್ನುವ ಹುಳುವಿಗೆ ಎಣ್ಣೆ ಹೊಡೆಯಬೇಡಿ. ನಂಬಿ ಅನ್ನಲಿಲ್ಲ, ನಿಮ್ಮ ಗದ್ದೆಯ ಒಂದು ಮೂಲೆಯಲ್ಲಿ ಮಾಡಿ ನೋಡಿ ಅಂದರು. ಉಳಿದ ಗದ್ದೆ ನಿಮ್ಮಿಷ್ಟ. 1994ರಲ್ಲಿ ಲಾಂಗ್ ಆನ್ ಪ್ರಾಂತ್ಯದಲ್ಲಿ ಕರಪತ್ರ, ಭಿತ್ತಿಪತ್ರ, ರೇಡಿಯೊದಲ್ಲಿ ನಗೆನಾಟಕ ಎಲ್ಲ ಮಾಡಿ ಇದನ್ನೇ ಹಬ್ಬಿಸಿದರು. ಹಂಗಾಮಿಗೆ ಮೂರಕ್ಕೂ ಮಿಕ್ಕಿ ಹೊಡೆಯುತ್ತಿದ್ದವರು ಅದರ ಅರ್ಧಕ್ಕೆ ಇಳಿದರು.

ನಮ್ಮಲ್ಲಿ ಸಸಿ ಕಿತ್ತು ನಾಟಿ ಮಾಡುವುದರಿಂದ, ನಾಟಿಯಾದ ಮೇಲೆ ಮೂವತ್ತು ದಿನ ಅಂತ ಹಿಡಿ. ಪ್ರತಿಯೊಬ್ಬರಿಂದ ಎಣ್ಣೆ ಹೊಡೆಯದೆ ಬಿಡಲು ಗದ್ದೆಯ ಒಂದೇ ಒಂದು ಮಡಿ ಕೇಳು. ನಾಲ್ಕು ಮೂಲೆಗೆ ಕೋಲು ನೆಟ್ಟು ಹಳೇ ಸೀರೆಯ ಚಿಂದಿ ಕಟ್ಟಿಸು, ಕೂಲಿಯವರು ತಪ್ಪಿ ಹೊಡೆದುಬಿಡುತ್ತಾರೆ. ಕೊಯ್ಲಿನಲ್ಲಿ ಆ ಮಡಿಯ ನೆಲ್ಲನ್ನು ಬೇರೆ ತೂಗಿಸು. ತಕ್ಕಡಿ ನಿನ್ನ ಕೈಯಲ್ಲಿ ಇರಬಾರದು, ಅವರದ್ದೇ ಇರಲಿ.

ಆ ಮೂವತ್ತು ದಿನದಲ್ಲಿ ಗದ್ದೆಯಲ್ಲಿ ನಡೆಯುವುದು ಬಲು ಸೊಗಸು. ಕೊಳೆತ ಹುಲ್ಲು, ಸಗಣಿ ಗೊಬ್ಬರ ತಿಂದು ಬದುಕುವ, ಪೈರಿಗೆ ಏನೂ ಮಾಡದ ಸೊಳ್ಳೆಯಂಥ ಸಣ್ಣ ನೊಣಗಳು ನೀರಿನಲ್ಲಿ ಏಳುತ್ತವೆ. ಪೈರು ತಿನ್ನುವ ಹುಳು ಬರುವುದಕ್ಕೆ ಮೊದಲೇ ಜೇಡಗಳು ಈ ನೊಣ ತಿಂದು ಮರಿ ಹಾಕಿ ಹೆಚ್ಚಿಕೊಂಡಿರುತ್ತವೆ. ಜಾವಾದ ಗದ್ದೆಗಳಲ್ಲಿ ಇದನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ್ದಾರೆ. ಮೊದಲ ವಾರಗಳಲ್ಲಿ ಎಣ್ಣೆ ಹೊಡೆದರೆ ಆ ನೊಣವೂ ಹೋಯಿತು, ಜೇಡವೂ ಹೋಯಿತು. ತಿಪ್ಪೆ ಗೊಬ್ಬರ ಹಾಕಿದ ಗದ್ದೆಗೆ ಇಂಥದ್ದೊಂದು ಲಾಭವೂ ಉಂಟು. ಮೊದಲ ದಿನ ಎಲ್ಲರನ್ನೂ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂರಿಸಿ ನೀರು ನೋಡಿಸು.

ಒಂದು ಎಚ್ಚರಿಕೆ. ಎಣ್ಣೆಯೇ ಬೇಡ ಎಂದು ಎಲ್ಲಿಯೂ ಬಾಯಿಬಿಡಬೇಡ. ನಿಮ್ಮೂರಿನಲ್ಲಿ ಎಲ್ಲರೂ ಹಾಕುವುದು ಬಿಪಿಟಿ 5204 ಎಂಬ ಭತ್ತದ ತಳಿ, ಅದಕ್ಕೆ ಬೆಂಕಿ ರೋಗ ಬಲು ಬೇಗ ಬರುತ್ತದೆ. ಅದು ಶಿಲೀಂಧ್ರ, ಜೇಡ ಅದನ್ನು ತಿನ್ನುವುದಿಲ್ಲ. ತೆನೆಯ ಕುತ್ತಿಗೆಗೆ ಬಂದಾಗ ನಿನ್ನ ಮಾತು ಕೇಳಿ ಒಬ್ಬ ಕೈಕಟ್ಟಿ ಕೂತರೆ, ಆ ವರ್ಷಕ್ಕೇ ನಿನ್ನ ಶಾಲೆ ಮುಗಿಯಿತು. ಜಿಗಿಹುಳುವೂ ಎಣಿಸಿ ನೋಡಿ ಮಿತಿ ಮೀರಿದ್ದರೆ ಹೊಡೆಯಲಿ, ಬುಡಕ್ಕೆ ಬೀಳುವಂತೆ ಹೊಡೆಯಲಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದವು ಮಾತ್ರ ಬೇಡ, ಅವು ಜಿಗಿಹುಳುವನ್ನು ಇನ್ನಷ್ಟು ಏಳಿಸುತ್ತವೆ. ಅದಕ್ಕೂ ಮೊದಲು ಯೂರಿಯಾ ಎಷ್ಟು ಹಾಕಿದ್ದಾರೆ ಕೇಳು. ಕಡುಹಸಿರು ಗದ್ದೆ ನೋಡಿ ಹೆಮ್ಮೆಪಡುವವನ ಗದ್ದೆಗೇ ಹುಳು ಮೊದಲು ಇಳಿಯುವುದು. ನಾಟಿಯಲ್ಲಿ ನಡುನಡುವೆ ಒಂದಡಿ ಅಗಲದ ದಾರಿ ಬಿಡಿಸಿ, ಆಗಾಗ ನೀರು ಬಸಿದರೆ ಬುಡಕ್ಕೆ ಗಾಳಿ ಆಡುತ್ತದೆ. ಕಾಲುವೆಯ ತುದಿಯ ಗದ್ದೆಯವರಿಗೆ ನೀರು ಬಸಿಯಿರಿ ಅಂದರೆ ಬೈಯುತ್ತಾರೆ, ಬೈಯಲಿ, ಅವರಿಗೆ ನೀರು ಬರುವುದೇ ಕಷ್ಟ.

ಅಂಗಡಿಯವನ ಜೊತೆ ಜಗಳ ಬೇಡ. ಉದ್ರಿ ಕೊಡುವವನು ಅವನೇ, ಕಷ್ಟಕ್ಕೆ ಆಗುವವನೂ ಎಷ್ಟೋ ಮನೆಗಳಿಗೆ ಅವನೇ. ಅವನದೂ ಗದ್ದೆ ಇದ್ದರೆ ಒಂದು ಮಡಿ ಕೇಳಿ ನೋಡು.

ಇನ್ನು ಶಾಲೆಗೆ ಯಾರನ್ನು ಕರೆಯುವುದು ಎಂಬುದು. ಪಟ್ಟಿಯಲ್ಲಿ ಬರುವುದು ಪಹಣಿ ಇದ್ದವರ ಹೆಸರು. ಆದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುವವರು ಕೂಲಿಗೆ ಬಂದ ಹುಡುಗರು. ಅವರ ಅಂಗಿ ಒಗೆಯುವವರು ಅವರ ಮನೆಯ ಹೆಂಗಸರು. ನಾಟಿ ಮಾಡುವ, ಕಳೆ ಕೀಳುವ ಹೆಂಗಸರು ಗದ್ದೆಯೊಳಗೆ ಬಗ್ಗಿ ಇರುವಷ್ಟು ಹೊತ್ತು ಯಾವ ಗೌಡರೂ ಇರುವುದಿಲ್ಲ, ಹುಳು ಮೊದಲು ಕಾಣುವುದೂ ಅವರಿಗೇ. ಅವರಲ್ಲಿ ನಾಲ್ಕಾರು ಮಂದಿಯಾದರೂ ಇರಲಿ. ಅವತ್ತಿನ ಕೂಲಿ ತಪ್ಪುತ್ತದೆ ಅಂದರೆ ಒಕ್ಕೂಟದಲ್ಲಿ ಕೂತು ಮಾತಾಡು, ಇಲ್ಲವೇ ಕೆಲಸಕ್ಕೆ ಹೊರಡುವ ಮೊದಲು, ಬೆಳಿಗ್ಗೆ ಆರಕ್ಕೇ ಶಾಲೆ ಇಡು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ಏನೆಂದು ಅವರಿಗೆ ಮೊದಲ ವಾರವೇ ತೋರಿಸು, ಕೆಂಪು ಎಲ್ಲಕ್ಕಿಂತ ಘೋರ ವಿಷ. 2020ರ ಕೊನೆಗೇ ನಿಷೇಧವಾದ ಫೋರೇಟ್ ಎಂಬ ಕೀಟನಾಶಕದ ಹರಳು ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ಕೈಯಲ್ಲಿ ಮುಟ್ಟದೆ ರೈತ ಸಂಪರ್ಕ ಕೇಂದ್ರದವರನ್ನು ಕೇಳಲಿ.

ಇಂಡೋನೇಷ್ಯಾದಲ್ಲಿ ಶಾಲೆಗಳಿಗೆ ದುಡ್ಡು ನಿಂತು, ಎಣ್ಣೆಯ ಮಾರಾಟ ಮತ್ತೆ ಜೋರಾಗಿ, 2010ರ ಹೊತ್ತಿಗೆ ಜಿಗಿಹುಳು ಜಾವಾಕ್ಕೆ ತಿರುಗಿ ಬಂತು. ಅದಕ್ಕೇ ಹೇಳುವುದು, ಈ ಮುಂಗಾರಿನಲ್ಲಿ ಹತ್ತು ಮಡಿ ಸಿಕ್ಕರೂ ಸಾಕು, ಆದರೆ ಬೇಸಿಗೆ ಬೆಳೆಗೂ ಬಿಡದೆ ಮಾಡು.

ದೊಡ್ಡ ಹಾಳೆಗಳನ್ನೂ ಬಣ್ಣದ ಪೆನ್ಸಿಲನ್ನೂ ನಾನೇ ಗಂಗಾವತಿಯಲ್ಲಿ ಕೊಂಡು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಸೊಳ್ಳೆ ಪರದೆ ನಿಮ್ಮ ಮನೆಯಲ್ಲೇ ಹರಿದದ್ದು ಒಂದಿರಬೇಕು. ಅಳಿಯಂದಿರು ಮೊದಲ ಮಡಿ ನಮ್ಮದೇ ಇರಲಿ ಅಂದರಂತೆ, ಸಂತೋಷ. ಅವರ ಕಾಲು ನೋವು ಹೇಗಿದೆ ಬರೆ. ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ ದಿನ ಗೊತ್ತಾದರೆ ಫೋನ್ ಮಾಡು. ನಿಮ್ಮ ದೊಡ್ಡಮ್ಮ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಹಾಳೆಗಳ ಜೊತೆಗೇ ಬರುತ್ತದೆ.

ಇಂತಿ ನಿನ್ನ,
ದೊಡ್ಡಪ್ಪ