11 ಗಂಟೆಗೆ ಶಟರ್ ಬಿದ್ದರೆ ನೈಟ್ ಡ್ಯೂಟಿಯವರು ಏನು ಮಾಡಬೇಕು?

ಸಂಪಾದಕರಿಗೆ ನಮಸ್ಕಾರ.

ನಾನು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿರುವವಳು. ಮುಂಬಯಿಯ ಪರೇಲ್ ಕಡೆ ಒಂದು ಆಸ್ಪತ್ರೆಯ ಕೇಸ್ ಪೇಪರ್ ಕೌಂಟರಿನಲ್ಲಿ ಕೆಲಸ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಬಂದವರ ಹೆಸರು, ವಯಸ್ಸು, ವಿಳಾಸ ಬರೆದುಕೊಂಡು ಕಾಗದ ಕೈಗೆ ಕೊಡುವವಳು. ತಿಂಗಳಲ್ಲಿ ಅರ್ಧದಷ್ಟು ದಿನ ನೈಟ್ ಡ್ಯೂಟಿ ಇರುತ್ತದೆ. ಕೊರೊನಾ ಹರಡದಿರಲಿ ಎಂದು ಮಹಾರಾಷ್ಟ್ರ ಸರ್ಕಾರದ ಆದೇಶದಂತೆ 2021ರ ಏಪ್ರಿಲ್ 20ರಿಂದ ಕಿರಾಣಿ, ತರಕಾರಿ, ಹಾಲು, ಬೇಕರಿ ಎಲ್ಲವೂ ಬೆಳಿಗ್ಗೆ 7ರಿಂದ 11 ಮಾತ್ರ ಎಂದಾಗಿದೆ. ಈಗ ಅದನ್ನು ಮೇ 15ರವರೆಗೆ ಎಳೆದಿದ್ದಾರೆ. ಆ ನಾಲ್ಕು ಗಂಟೆಯ ಬಗ್ಗೆ ಬರೆಯಲು ಕೂತಿದ್ದೇನೆ. ಸ್ವಲ್ಪ ಉದ್ದವಾದೀತು. ಜಾಗ ಇಲ್ಲದಿದ್ದರೆ ಕತ್ತರಿಸಿ, ಆದರೆ ಸಂಜೆಯ ವಿಷಯ ಮಾತ್ರ ಬಿಡಬೇಡಿ.

ನನ್ನ ಡ್ಯೂಟಿ ಮುಗಿಯುವುದು ಬೆಳಿಗ್ಗೆ 8ಕ್ಕೆ. ಮುಂದಿನವಳು ಬಂದು ರಿಜಿಸ್ಟರ್ ತೆಗೆದುಕೊಳ್ಳುವಾಗ ಎಂಟೂಕಾಲು. ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಸ್ಟೇಷನ್ನಿಗೆ ನಡೆದು, ಐಡಿ ಕಾರ್ಡ್ ತೋರಿಸಿ ಲೋಕಲ್ ಹಿಡಿದರೆ ಡೊಂಬಿವಲಿಯಲ್ಲಿ ಇಳಿಯುವಾಗ ಹತ್ತಕ್ಕೆ ಹತ್ತು ನಿಮಿಷ. ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ. ಇಪ್ಪತ್ತು ವರ್ಷದಲ್ಲಿ ಕಾಣದ ಸುಖ ಅದು, ಕಾರಣ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಇಳಿದವಳು ಮನೆಗೆ ಹೋಗುವುದಿಲ್ಲ. ಸೀದಾ ಅಂಗಡಿಯ ಸಾಲಿಗೆ.

ನಮ್ಮ ಗಲ್ಲಿಯ ಕಿರಾಣಿ ಅಂಗಡಿ ಕಚ್ಛಿ ಶೇಠಜಿಯದ್ದು. ಹೋದ ವರ್ಷ ಅವರು ಅಂಗಡಿ ಮುಂದೆ ಹಳದಿ ಪೇಂಟಿನಲ್ಲಿ ಹನ್ನೆರಡು ವೃತ್ತ ಬರೆಸಿದ್ದರು. ಮಳೆಗೆ ಐದು ಅಳಿಸಿ ಹೋಗಿವೆ. ಉಳಿದ ಏಳರಲ್ಲಿ ಈಗ ಜನ ನಿಲ್ಲುವುದಿಲ್ಲ, ಚಪ್ಪಲಿ ನಿಲ್ಲುತ್ತದೆ. ಚೀಲ ನಿಲ್ಲುತ್ತದೆ. ಒಂದರಲ್ಲಿ ಎಣ್ಣೆ ಕ್ಯಾನ್ ನಿಂತಿತ್ತು. ಅದರ ಒಡೆಯರೆಲ್ಲ ಪಕ್ಕದ ಮರದ ನೆರಳಿನಲ್ಲಿ ಒಟ್ಟಿಗೆ ನಿಂತು, ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ಯಾರ ಮನೆಯಲ್ಲಿ ಯಾರಿಗೆ ಪಾಸಿಟಿವ್ ಅಂತ ಮಾತಾಡುತ್ತಿರುತ್ತಾರೆ. ಚಪ್ಪಲಿಗಳ ನಡುವೆ ಮಾತ್ರ ಒಳ್ಳೆ ಅಂತರ.

ಐಡಿ ಕಾರ್ಡ್ ನೋಡಿದರೆ ಮುಂದೆ ಬಿಡಬಹುದು ಎಂದು ಮೊದಲ ದಿನ ಕೊರಳಿಗೆ ಹಾಕಿಕೊಂಡೇ ನಿಂತೆ. ಆಸ್ಪತ್ರೆಯ ಹೆಸರು ಓದಿದ ಮುಂದಿನ ಹೆಂಗಸು ಒಂದು ಹೆಜ್ಜೆ ಮುಂದೆ ಹೋದರು, ಹಿಂದಿನವರು ಎರಡು ಹೆಜ್ಜೆ ಹಿಂದೆ ಸರಿದರು. ಈಗ ಕಾರ್ಡನ್ನು ರೈಲು ಇಳಿದ ಕೂಡಲೇ ಪರ್ಸಿಗೆ ಹಾಕುತ್ತೇನೆ.

10:50ಕ್ಕೆ ಶೇಠಜಿಯ ಕೈ ಓಡಲು ಶುರುವಾಗುತ್ತದೆ. ಗಲ್ಲಾದ ಮುಂದೆ ಹಗ್ಗ ಕಟ್ಟಿದ್ದಾರೆ. ಅದರ ಮೇಲಿಂದ ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಇಳಿಜಾರಾಗಿ ಇಟ್ಟಿದ್ದಾರೆ. ಬೇಳೆ ಪ್ಯಾಕೆಟ್, ಸೋಪು, ಸಾಸಿವೆ ಪುಡಿಕೆ ಎಲ್ಲ ಅದರಲ್ಲಿ ಜಾರಿಕೊಂಡು ಬಂದು ನಮ್ಮ ಚೀಲಕ್ಕೆ ಬೀಳುತ್ತದೆ. ಹೋದ ವರ್ಷ ಮಾಡಿದ ಉಪಾಯ. ಚೆನ್ನಾಗಿದೆ, ಮೊಟ್ಟೆಗೆ ಮಾತ್ರ ಆಗುವುದಿಲ್ಲ. 10:55ಕ್ಕೆ ಮೂಲೆಯಲ್ಲಿ ಪೊಲೀಸರ ಸೀಟಿ ಕೇಳಿಸುತ್ತದೆ. ಸಾಲು ಒಡೆಯುವುದು ಆಗಲೇ. ಮರದ ಕೆಳಗಿದ್ದವರೆಲ್ಲ ಓಡಿ ಬಂದು ಹಗ್ಗಕ್ಕೆ ಬೀಳುತ್ತಾರೆ. ಅರ್ಧ ಇಳಿದ ಶಟರಿನ ಕೆಳಗಿಂದ ಹತ್ತು ಕೈ ಒಳಗೆ. ‘ಭಾಭಿ, ಕಲ್ ಆವೋ’ (ಅತ್ತಿಗೆ, ನಾಳೆ ಬನ್ನಿ) ಎಂದು ಶೇಠಜಿ ಕೂಗುತ್ತಾರೆ. ಶಟರ್ ಬೀಳುತ್ತದೆ. ಹೋದ ವಾರ ನನಗೆ ಹೀಗೆ ಎರಡು ದಿನ ಆಯಿತು. ಒಮ್ಮೆ ತೊಗರಿಬೇಳೆ ಸಿಕ್ಕಿ ಎಣ್ಣೆ ಸಿಗಲಿಲ್ಲ, ಇನ್ನೊಮ್ಮೆ ಏನೂ ಇಲ್ಲ.

ಇಡೀ ದಿನ ನೋಡಿದರೂ ಆ ಐದು ನಿಮಿಷದಷ್ಟು ಗುಂಪು ಆ ಅಂಗಡಿಯ ಮುಂದೆ ಬೇರೆ ಯಾವಾಗಲೂ ಇರುತ್ತಿರಲಿಲ್ಲ. ಗುಂಪು ಬೇಡ ಎಂದು ಮಾಡಿದ ನಿಯಮ ತಾನೇ ಇದು?

ನಿರ್ಬಂಧವೇ ಬೇಡ ಎನ್ನುವವಳು ನಾನಲ್ಲ. ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ದಿನಕ್ಕೆ 60 ಸಾವಿರಕ್ಕೂ ಹೆಚ್ಚು ಹೊಸ ಕೇಸು ಬಂದಾಗ ಅದರಲ್ಲಿ ಕೆಲವರ ಹೆಸರು ನಾನೇ ಬರೆದದ್ದು. ವಯಸ್ಸಿನ ಕಾಲಂನಲ್ಲಿ 34, 41, 29 ಎಂದು ಬರೆಯುವಾಗ ಕೈ ನಿಲ್ಲುತ್ತದೆ. ಅಂಗಡಿ ಮುಂದೆ ಆ ಹತ್ತು ಕೈ ಕಂಡಾಗ ನನಗೆ ಎಣ್ಣೆಗಿಂತ ಮುಂಚೆ ನೆನಪಾಗುವುದು ಆ ಕಾಲಂ.

ಹೋದ ವರ್ಷದ ಕಥೆಯೂ ಸ್ವಲ್ಪ ಹೇಳಬೇಕು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಲಾಕ್‌ಡೌನ್ ಎಂದು ಪ್ರಧಾನಿ ಹೇಳಿದಾಗ ನಾನು ಕೆಲಸದಲ್ಲಿದ್ದೆ. ನಮ್ಮವರು ಚೀಲ ಹಿಡಿದು ಓಡಿದರು. ಇವರು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ನೂರು ಜನರ ಸಾಂಬಾರಿಗೆ ಎಷ್ಟು ಬೇಳೆ ಎಂದರೆ ಕಣ್ಣು ಮುಚ್ಚಿ ಹೇಳುತ್ತಾರೆ. ಆ ರಾತ್ರಿ ಮನೆಗೆ ತಂದದ್ದು 5 ಕೆಜಿ ಸಕ್ಕರೆ, ಎಂಟು ಪ್ಯಾಕೆಟ್ ಶ್ಯಾವಿಗೆ, ಒಂದು ಬಾಟಲಿ ಫಿನಾಯಿಲ್. ಅಕ್ಕಿ ಇಲ್ಲ, ಬೇಳೆ ಇಲ್ಲ. ‘ಎಲ್ಲರೂ ತೆಗೆದುಕೊಳ್ಳುತ್ತಿದ್ದರು, ನಾನೂ ಕೈಗೆ ಸಿಕ್ಕಿದ್ದು ತೆಗೆದುಕೊಂಡೆ’ ಎಂದರು. ಮರುದಿನ ಯುಗಾದಿ, ಇಲ್ಲಿಯವರಿಗೆ ಗುಡಿ ಪಾಡ್ವಾ. ಹಬ್ಬದ ಊಟಕ್ಕೆ ಶ್ಯಾವಿಗೆ ಪಾಯಸವಂತೂ ಆಯಿತು.

ಆದರೆ ಆಗ ಸರ್ಕಾರ ಒಂದು ಒಳ್ಳೆ ಕೆಲಸ ಮಾಡಿತ್ತು. ಮಾರ್ಚ್ 26ಕ್ಕೆ, ಅಂದರೆ ಎರಡೇ ದಿನದಲ್ಲಿ, ಕಿರಾಣಿ ಅಂಗಡಿ, ಮೆಡಿಕಲ್ ಸ್ಟೋರ್ ಬೇಕಾದರೆ 24 ಗಂಟೆಯೂ ತೆರೆದಿಡಲಿ ಎಂದಿತ್ತು. ಕಾರಣ ಒಂದೇ: ಜನ ಒಟ್ಟಿಗೆ ಮುಗಿಬೀಳಬಾರದು. ಆಮೇಲೆ ಊರಿಗೊಂದು ಸಮಯ, ವಾರ್ಡಿಗೊಂದು ಸಮಯ ಬಂತು, ಅದು ಬೇರೆ ಮಾತು. ಹೊತ್ತು ಹೆಚ್ಚಿದ್ದರೆ ಜನ ಚದುರುತ್ತಾರೆ ಎನ್ನುವುದು ಆಗ ಗೊತ್ತಿತ್ತಲ್ಲ, ಈಗ ಯಾಕೆ ಮರೆತುಹೋಯಿತು?

2020ರಲ್ಲಿ ಇದ್ದದ್ದು ನಿಜವಾದ ಕೊರತೆ. ಮೇ 11ರಿಂದ 17ರವರೆಗೆ ವಾಶಿಯ ಸಗಟು ಮಾರುಕಟ್ಟೆ ಎಪಿಎಂಸಿ ಮುಚ್ಚಿದಾಗ ಕಾಂದಾ-ಬಟಾಟಾದಿಂದ (ಈರುಳ್ಳಿ-ಆಲೂಗಡ್ಡೆ) ಮಸಾಲೆಯವರೆಗೆ ಐದೂ ಮಾರ್ಕೆಟ್ ಬಂದ್. ಅದಕ್ಕೂ ಮೊದಲೇ ಊರಿನ ಬಸ್ಸು ನಿಂತಿತ್ತು. ಮುಂಬಯಿ ಕನ್ನಡಿಗರಿಗೆ, ಅದರಲ್ಲೂ ನಮ್ಮ ಕರಾವಳಿಯವರಿಗೆ, ಅದು ಬರೀ ಬಸ್ಸಲ್ಲ. ಮಲ್ಲಿಗೆ, ಬಸಳೆ, ಹಪ್ಪಳ, ಅಮ್ಮ ಕಳಿಸಿದ ಉಪ್ಪಿನಕಾಯಿ ಎಲ್ಲ ಅದರ ಡಿಕ್ಕಿಯಲ್ಲೇ ಬರಬೇಕು. ಸ್ಟೇಷನ್ನಿನ ಆಚೆ ಬದಿಯ ಮಂಗಳೂರು ಸ್ಟೋರಿನಲ್ಲಿ ಕುಚ್ಚಲಕ್ಕಿ ಏಪ್ರಿಲ್ ಮೊದಲ ವಾರವೇ ಮುಗಿಯಿತು.

ನಮ್ಮ ಅತ್ತೆಗೆ 78. ಕಾರ್ಕಳ ಕಡೆಯವರು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಅವರಿಗೆ ಬೆಳಗಾದ ಹಾಗೆಯೇ ಇಲ್ಲ. ನಮ್ಮದು ಕೇಸರಿ ರೇಷನ್ ಕಾರ್ಡ್, ಬಡತನದ ರೇಖೆಗಿಂತ ಸ್ವಲ್ಪ ಮೇಲಿನವರದ್ದು. ಮೇ ತಿಂಗಳಲ್ಲಿ ಕೇಸರಿಯವರಿಗೂ ತಲೆಗೆ 3 ಕೆಜಿ ಗೋಧಿ, 2 ಕೆಜಿ ಅಕ್ಕಿ ಕೊಟ್ಟರು. ಗೋಧಿ ಕೆಜಿಗೆ 8 ರೂಪಾಯಿ, ಅಕ್ಕಿ 12. ನಾವು ನಾಲ್ಕು ಜನ. 12 ಕೆಜಿ ಗೋಧಿಗೆ 96, 8 ಕೆಜಿ ಅಕ್ಕಿಗೂ 96. ಎರಡೂ ಒಂದೇ ಲೆಕ್ಕ ಬಂದದ್ದು ನೋಡಿ ರೇಷನ್ ಅಂಗಡಿಯವನು ಮೋಸ ಮಾಡಿದ್ದಾನೆ ಎಂದು ನಮ್ಮವರು ಮನೆಗೆ ಬಂದು ಮತ್ತೆ ಗುಣಿಸಿದರು. ಲೆಕ್ಕ ಸರಿಯೇ ಇತ್ತು. ಆದರೆ ಅಕ್ಕಿ ಬೆಳ್ತಿಗೆ, ಅಂದರೆ ಕುಚ್ಚಲು ಅಲ್ಲದ ಬಿಳಿ ಅಕ್ಕಿ. ಅತ್ತೆ ಒಂದು ಹಿಡಿ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ನೋಡಿ, ಎರಡು ಕಾಳು ಬಾಯಿಗೆ ಹಾಕಿ, ‘ಇದು ಪಾಯಸಕ್ಕೆ ಸರಿ ಮಗಾ, ಗಂಜಿಗಲ್ಲ’ ಎಂದು ವಾಪಸ್ ಡಬ್ಬಕ್ಕೆ ಸುರಿದರು. ಆದರೂ ಎರಡು ತಿಂಗಳು ಅದನ್ನೇ ಕುಡಿದರು. ಜೂನ್‌ನಲ್ಲಿ ಮಂಗಳೂರು ಸ್ಟೋರಿನ ಹುಡುಗ ಫೋನ್ ಮಾಡಿ ‘ಅಕ್ಕ, ಲಾರಿ ಬಂದಿದೆ, 10 ಕೆಜಿ ನಿಮ್ಮ ಹೆಸರಲ್ಲಿ ಎತ್ತಿಟ್ಟಿದ್ದೇನೆ’ ಅಂದಾಗ, ನಾನು ಕೌಂಟರಿನಲ್ಲಿ ಕೂತಲ್ಲೇ ಎದ್ದು ನಿಂತೆ.

ಈ ವರ್ಷ ಸಾಮಾನಿಗೆ ಕೊರತೆ ಇಲ್ಲ. ಕುಚ್ಚಲಕ್ಕಿ ಇದೆ, ಬೇಳೆ ಇದೆ. ಸೂರ್ಯಕಾಂತಿ ಎಣ್ಣೆ ಲೀಟರಿಗೆ 160 ದಾಟಿದೆ, ಆದರೂ ಇದೆ. ಈ ಸಲ ಕೊರತೆ ಇರುವುದು ಹೊತ್ತಿಗೆ. ಸಾಮಾನು ಶಟರಿನ ಒಳಗೆ, ನಾನು ಹೊರಗೆ. ಮಂಗಳೂರು ಸ್ಟೋರಿಗಂತೂ ರೈಲು ಇಳಿದು ಸೇತುವೆ ದಾಟಿ ಹೋಗಬೇಕು. ಅಲ್ಲಿ ಹೋದರೆ ಶೇಠಜಿ ಅಂಗಡಿ ತಪ್ಪುತ್ತದೆ, ಶೇಠಜಿ ಅಂಗಡಿಗೆ ಹೋದರೆ ಅಲ್ಲಿ ತಪ್ಪುತ್ತದೆ.

‘ಮನೆಯಲ್ಲಿ ಬೇರೆ ಯಾರೂ ಇಲ್ವಾ’ ಎಂದು ಕೇಳುವವರಿದ್ದಾರೆ. ಇದ್ದಾರೆ. ನಮ್ಮವರು ಏಪ್ರಿಲ್ ಕೊನೆಗೆ ಪಾಸಿಟಿವ್ ಆಗಿ ಒಳಕೋಣೆಯಲ್ಲಿದ್ದಾರೆ. ಈಗ ಪರವಾಗಿಲ್ಲ, ರುಚಿ ಮಾತ್ರ ಬಂದಿಲ್ಲ. ಮಗಳಿಗೆ ಬೆಳಿಗ್ಗೆ ಆನ್‌ಲೈನ್ ಕ್ಲಾಸು, ನಡುವೆ ಅಜ್ಜಿಯ ಗಂಜಿ, ಅಪ್ಪನ ಕಷಾಯ. ಅವಳನ್ನು ಆ ಹಗ್ಗದ ಮುಂದೆ ಕಳಿಸಲು ನನಗೆ ಮನಸ್ಸಿಲ್ಲ. ‘ಸಾಮಾನು ತರಿಸಲು ಆಪ್ ಇದೆಯಲ್ಲ’ ಎನ್ನುವವರೂ ಇದ್ದಾರೆ. ರಾತ್ರಿ 12ಕ್ಕೆ ಡೆಲಿವರಿಯ ಹೊಸ ಸ್ಲಾಟ್ ತೆರೆಯುತ್ತದೆ ಎಂದು ಯಾರೋ ಹೇಳಿದರು. ಆ ಹೊತ್ತಿಗೆ ನಾನು ಎಚ್ಚರವಾಗಿಯೇ ಇರುತ್ತೇನೆ. ಮೂರು ರಾತ್ರಿ ಪ್ರಯತ್ನ ಮಾಡಿದೆ. ಚೀಲಕ್ಕೆ ಎಲ್ಲ ತುಂಬಿಸಿ ದುಡ್ಡು ಕೊಡುವಲ್ಲಿಗೆ ಬಂದರೆ ಸ್ಲಾಟ್ ಇಲ್ಲ. ಎದುರಿಗೆ ಕೇಸ್ ಪೇಪರಿಗೆ ಜನ ನಿಂತಿರುವಾಗ ಫೋನ್ ಉಜ್ಜುತ್ತಾ ಕೂರುವುದೂ ಸರಿಯಲ್ಲ. ಬಿಟ್ಟುಬಿಟ್ಟೆ.

ಇನ್ನು ಸಂಜೆಯ ವಿಷಯ. ಅಂಗಡಿ 11ಕ್ಕೆ ಮುಚ್ಚಿದರೂ ಹೋಮ್ ಡೆಲಿವರಿ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಮಾಡಬಹುದು ಎಂದು ಅದೇ ಆದೇಶದಲ್ಲಿದೆ. ಕಾಗದದಲ್ಲಿ ಚೆಂದ. ಶೇಠಜಿಯನ್ನು ಕೇಳಿದೆ. ಅವರ ಅಂಗಡಿಯಲ್ಲಿ ಮೂವರು ಹುಡುಗರಿದ್ದರು. ಇಬ್ಬರು ಏಪ್ರಿಲ್‌ನಲ್ಲೇ ಊರಿಗೆ ಹೋದರು, ಹೋದ ವರ್ಷದ ಅನುಭವ ಅವರಿಗೆ ಸಾಕಾಗಿತ್ತು. ಉಳಿದವನೊಬ್ಬ. ಅವನು ತೂಕ ಮಾಡಬೇಕಾ, ಪ್ಯಾಕ್ ಮಾಡಬೇಕಾ, ಸೈಕಲ್ ತುಳಿಯಬೇಕಾ? ಲಿಫ್ಟ್ ಇಲ್ಲದ ನಾಲ್ಕನೇ ಮಾಳಿಗೆಗೆ 10 ಕೆಜಿ ಅಕ್ಕಿ ಹೊರಬೇಕಾ?

ನನ್ನ ಬೇಡಿಕೆ ಸಣ್ಣದು. ನಾನು ರಾತ್ರಿ ಕೆಲಸಕ್ಕೆ ಹೊರಡುವ ಮೊದಲೇ ವಾಟ್ಸಾಪಿನಲ್ಲಿ ಪಟ್ಟಿ ಕಳಿಸುತ್ತೇನೆ, ದುಡ್ಡೂ ಫೋನಿನಲ್ಲೇ ಹಾಕುತ್ತೇನೆ. ಅಂಗಡಿಯವರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಳಗೇ ಕಟ್ಟಿಡಲಿ. ಮರುದಿನ ಸಂಜೆ 4ರಿಂದ 7ರೊಳಗೆ, ಶಟರ್ ಮೊಣಕಾಲೆತ್ತರಕ್ಕೆ ಎತ್ತಿ, ಹೆಸರು ಬರೆದ ಚೀಲ ಹೊರಗಿಟ್ಟರೆ ನಾನು ಬಂದು ಎತ್ತಿಕೊಂಡು ಹೋಗುತ್ತೇನೆ. ಆರಿಸುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ಡೆಲಿವರಿ ಹುಡುಗ ನನ್ನ ಬಾಗಿಲಿಗೆ ಬರಬಹುದು ಎಂದಾದರೆ ನಾನು ಅಂಗಡಿ ಬಾಗಿಲಿಗೆ ಯಾಕೆ ಹೋಗಬಾರದು? ಶೇಠಜಿಗೂ ಒಪ್ಪಿಗೆ ಇದೆ. ‘ಭಾಭಿ, ದಂಡ ಯಾರು ಕಟ್ಟುತ್ತಾರೆ’ ಎಂದು ಮಾತ್ರ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಮೇ 15ರ ನಂತರ ಇದೇ ಸಮಯ ಮುಂದುವರಿಯುವುದಾದರೆ ಆದೇಶದಲ್ಲಿ ಈ ಒಂದು ಸಾಲು ಸೇರಿಸಬೇಕು. ನಿಮ್ಮ ಪತ್ರಿಕೆ ಓದುವ ನಗರಸೇವಕರು (ಕಾರ್ಪೊರೇಟರು) ಇದ್ದಾರೆ, ಅವರ ಕಿವಿಗೆ ಹಾಕಿ.

ನಮ್ಮ ಹೌಸಿಂಗ್ ಸೊಸೈಟಿಯವರೂ ಸ್ವಲ್ಪ ಕೈ ಹಚ್ಚಬಹುದು. ಹೋದ ವರ್ಷ ಜುನ್ನರ್ ಕಡೆಯ ರೈತರ ಟೆಂಪೋ ವಾರಕ್ಕೊಮ್ಮೆ ನಮ್ಮ ಗೇಟಿಗೇ ಬರುತ್ತಿತ್ತು. 5 ಕೆಜಿ ತರಕಾರಿಯ ಚೀಲ, ಆರಿಸುವ ಹಾಗಿಲ್ಲ. ಪ್ರತಿ ಚೀಲದಲ್ಲೂ ಒಂದು ಸೋರೆಕಾಯಿ ಗ್ಯಾರಂಟಿ. ಅತ್ತೆ ಅದರ ಪಲ್ಯ, ಸಾಂಬಾರು, ದೋಸೆ, ಕೊನೆಗೆ ಸಿಪ್ಪೆಯ ಚಟ್ನಿ ಕೂಡ ಮಾಡಿಸಿದರು. ಮಗಳು ಈಗಲೂ ಸೋರೆಕಾಯಿ ಕಂಡರೆ ಎದ್ದು ಹೋಗುತ್ತಾಳೆ. ಆದರೆ ಚೀಲಗಳು ವಾಚ್‌ಮನ್ ಕ್ಯಾಬಿನ್ ಪಕ್ಕ ಸಂಜೆಯವರೆಗೂ ಇರುತ್ತಿದ್ದವು, ಅವರವರ ಹೊತ್ತಿಗೆ ಬಂದು ಒಯ್ಯುತ್ತಿದ್ದರು. ಒಂದು ಜಗಳ ಆಗಲಿಲ್ಲ. ಕಿರಾಣಿಗೂ ಹಾಗೇ ಮಾಡಬಹುದಲ್ವಾ?

ಇದು ನನ್ನೊಬ್ಬಳ ಮಾತಲ್ಲ. ನನ್ನ ಜೊತೆ ರೈಲಿನಲ್ಲಿ ಬರುವವರಲ್ಲಿ ಕಲಬುರಗಿಯ ಒಬ್ಬ ಆಯಾಬಾಯಿ ಇದ್ದಾಳೆ. ಕಲ್ಯಾಣದಲ್ಲಿ ಇಳಿಯುತ್ತಾಳೆ. ಅವಳಿಗೆ ಸ್ಮಾರ್ಟ್‌ಫೋನ್ ಇಲ್ಲ, ಅಂಗಡಿಯಲ್ಲಿ ಉದ್ರಿ ಲೆಕ್ಕ. ಅವಳು ಮನೆ ಮುಟ್ಟುವಾಗ ಹತ್ತೂಮುಕ್ಕಾಲು. ‘ಅಕ್ಕಾ, ನಿನ್ನೆ ಬಿಸ್ಕೀಟ ತಿಂದು ಮಲಗೀನಿ’ ಎಂದಳು ಮೊನ್ನೆ. ಜೋಳದ ಹಿಟ್ಟು ಸಿಗುವ ಗಿರಣಿಯೂ 11ಕ್ಕೇ ಮುಚ್ಚುತ್ತದಂತೆ.

ಎರಡು ವರ್ಷವೂ ಬಿಸು ಹಬ್ಬ, ಅಂದರೆ ತುಳುವರ ಹೊಸ ವರ್ಷ, ನಮಗೆ ಹೀಗೇ ಆಯಿತು. 2020ರ ಏಪ್ರಿಲ್ 14ರಂದು ಲಾಕ್‌ಡೌನ್ ಮೇ 3ರವರೆಗೆ ಎಂದರು, ಈ ವರ್ಷ ಅದೇ ತಾರೀಖು ರಾತ್ರಿ 8ಕ್ಕೆ ಹೊಸ ನಿರ್ಬಂಧ. ಹೋದ ವರ್ಷ ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಇಡುವ ಕಣಿಯಲ್ಲಿ ಅತ್ತೆ ಸೌತೆಕಾಯಿಯ ಜಾಗದಲ್ಲಿ ಆಲೂಗಡ್ಡೆ ಇಟ್ಟಿದ್ದರು. ಈ ವರ್ಷ ಸೌತೆಕಾಯಿ ಸಿಕ್ಕಿತ್ತು.

ಬರೆಯುವಾಗ ಮಧ್ಯಾಹ್ನ ಒಂದೂವರೆ ಆಯಿತು. ಸ್ವಲ್ಪ ಮಲಗಬೇಕು, ಇವತ್ತೂ ನೈಟ್. ಡಬ್ಬದಲ್ಲಿ ಕುಚ್ಚಲಕ್ಕಿ ಅಳೆದು ನೋಡಿದೆ, ಶುಕ್ರವಾರದವರೆಗೆ ಬರುತ್ತದೆ. ಎಣ್ಣೆ ನಾಳೆಗೇ ಬೇಕು.

ನನ್ನ ಹೆಸರು ಹಾಕಬೇಡಿ, ಆಸ್ಪತ್ರೆಯಲ್ಲಿ ಸುಮ್ನೆ ಮಾತಾಗುತ್ತದೆ.

ನಿಮ್ಮ ಓದುಗಳು,
ಡೊಂಬಿವಲಿ ಪೂರ್ವ
ಮೇ 4, 2021