ಲೈನ್ ಓಕೆ, ಆದರೆ ಯಾರ ಕಡೆಯಿಂದ?

ಮಾನ್ಯ ಸಂಪಾದಕರೇ,

ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕಿನಲ್ಲಿ ಹಲವು ವರ್ಷ ಕೂತವನು. 198ಕ್ಕೆ ದೂರು ಬಂದರೆ ಆ ನಂಬರಿನ ಲೈನನ್ನು ಕೂತಲ್ಲಿಂದಲೇ ಪರೀಕ್ಷೆ ಮಾಡುತ್ತಿದ್ದೆವು. ವಯರ್ ಕಡಿದಿದೆಯೋ, ಎರಡು ವಯರ್ ಒಂದಕ್ಕೊಂದು ತಾಗಿವೆಯೋ ಎಂಬುದನ್ನು ಮೀಟರಿನ ಮುಳ್ಳೇ ಹೇಳುತ್ತಿತ್ತು. ಆದರೆ "ಲೈನ್ ಓಕೆ" ಎಂದು ಚೀಟಿ ಬರೆದ ಮೇಲೂ ಕೆಲವು ಮನೆಗಳಲ್ಲಿ ಫೋನು ಸತ್ತೇ ಬಿದ್ದಿರುತ್ತಿತ್ತು. ಲೈನ್‌ಮನ್ ಹೋಗಿ ಬಿಚ್ಚಿದರೆ ಒಳಗೆ ಇರುವೆ ಗೂಡು! ನಾನು ಸುಳ್ಳು ಬರೆದಿರಲಿಲ್ಲ. ನಾನು ಕೂತ ಜಾಗದಿಂದ ಅದು ಓಕೆಯೇ.

ಇದು ಈಗ ನೆನಪಾಗಲು ಕಾರಣ ನನ್ನ ಮಗಳ ಹಪ್ಪಳ.

ಮಗಳು ಕುಂಜಿಬೆಟ್ಟಿನ ನಮ್ಮ ಮನೆಯಿಂದಲೇ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಂಡಿಗೆ ಮಾರುತ್ತಾಳೆ. ಸಣ್ಣದೊಂದು ವೆಬ್‌ಸೈಟ್ ಇದೆ. ಮೇ ಕೊನೆ ಎಂದರೆ ನಮಗೆ ಕೈತುಂಬ ಕೆಲಸದ ಸಮಯ. ಮಳೆ ಹಿಡಿಯುವ ಮೊದಲು ಊರಿನವರೆಲ್ಲ ಡಬ್ಬ ತುಂಬಿಸಿಕೊಳ್ಳುವವರೇ. ಹಳೆಯ ಸರ್ವರ್ ನಿಧಾನ ಎಂದು ಶುಕ್ರವಾರ ರಾತ್ರಿ ಹೊಸತಕ್ಕೆ ಬದಲಾಯಿಸಿದಳು. ಭಾನುವಾರ ಹಳೆಯದನ್ನು ಮುಚ್ಚಿದಳು. ಅಂದು ಸಂಜೆಯೇ ಪಕ್ಕದ ಮನೆಯ ಅಕ್ಕ ಕೇಳಿದರು: "ನಿಮ್ಮ ಅಂಗಡಿ ಬಂದ್ ಆಯ್ತಾ ಎಂತ?" ನಮ್ಮ ಮನೆಯ ಬ್ರಾಡ್‌ಬ್ಯಾಂಡಿನಲ್ಲೂ ತೆರೆಯಲಿಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಸಲೀಸಾಗಿ ತೆರೆಯಿತು. ಮಗಳ ಮೊಬೈಲಿನಲ್ಲಿ ವೈಫೈ ತೆಗೆದು ಸಿಮ್‌ನಲ್ಲಿ ನೋಡಿದರೆ ಅಲ್ಲೂ ತೆರೆಯಿತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಕಂಪ್ಯೂಟರುಗಳಿಗೆ ಹೆಸರು ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಸರ್ವರ್ ಬದಲಾಯಿಸಿದಾಗ ನಮ್ಮ ಸೈಟಿನ ನಂಬರೂ ಬದಲಾಯಿತು. ನಾವು ಟೈಪ್ ಮಾಡಿದ ಹೆಸರಿಗೆ ನಂಬರ್ ಹುಡುಕಿಕೊಡುವುದು ಡಿಎನ್‌ಎಸ್. ಮೊದಲು ಅಮೆರಿಕದ ಒಂದು ಸಂಸ್ಥೆಯಲ್ಲಿ ಎಲ್ಲ ಹೆಸರುಗಳ ಒಂದೇ ಪಟ್ಟಿ ಇತ್ತು, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಅದು ಸಾಕಾಗದೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಈ ಏರ್ಪಾಟು ರೂಪಿಸಿದರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಇದು, ಹೆಸರು ಹೇಳಿದರೆ ಫೋನ್ ನಂಬರ್ ಹುಡುಕಿಕೊಡುತ್ತಿದ್ದ ನಮ್ಮ 197. ಒಂದೇ ವ್ಯತ್ಯಾಸ. ಸಿಕ್ಕಿದ ಉತ್ತರವನ್ನು ಇಂಟರ್ನೆಟ್ ಕಂಪನಿಯ ಸರ್ವರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ಹೆಸರಿನ ಮಾಲೀಕರೇ ಸೆಕೆಂಡಿನ ಲೆಕ್ಕದಲ್ಲಿ ಬರೆದಿಡಬೇಕು. ಅದಕ್ಕೆ ಟಿಟಿಎಲ್ ಎನ್ನುತ್ತಾರೆ. ನಮ್ಮದರಲ್ಲಿ 86400 ಇತ್ತು. ಅಂದರೆ ಸರಿಯಾಗಿ 24 ಗಂಟೆ. ಶುಕ್ರವಾರ ರಾತ್ರಿಯ ಬದಲಾವಣೆ ಶನಿವಾರ ರಾತ್ರಿಯೊಳಗೆ ಎಲ್ಲ ಕಡೆ ತಲುಪಬೇಕಿತ್ತು, ಅಲ್ವಾ?

ಸೋಮವಾರ ಬೆಳಿಗ್ಗೆ ನಾನು ಕೂತೆ. ಹೆಸರು ನೋಂದಾಯಿಸಿದ ಕಡೆಯ ವೆಬ್ ಕನ್ಸೋಲಿನಲ್ಲಿ ಪರೀಕ್ಷೆ ಮಾಡುವ ಬಟನ್ ಇದೆ. ಹೆಸರು ಹಾಕಿ, "ಎ" ರೆಕಾರ್ಡ್ (ಹೆಸರಿಗೆ ನಂಬರ್ ಬರೆದಿಟ್ಟ ಸಾಲು) ಆರಿಸಿ ಒತ್ತಿದೆ. "ನೋ ಎರರ್" ಎಂದು ಬಂತು, ಕೆಳಗೆ ಹೊಸ ನಂಬರ್. ಕೊನೆಗೆ 84 ಇದ್ದರೆ ಹೊಸದು, 17 ಇದ್ದರೆ ಹಳೆಯದು ಎಂದು ಮಗಳು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಇಲ್ಲಿ 84. ಆದರೆ ಆ ಬಟನ್ ಹೊರಗೆ ಯಾರನ್ನೂ ಕೇಳುವುದಿಲ್ಲ, ತನ್ನದೇ ಪುಸ್ತಕ ನೋಡಿ ಹೇಳುತ್ತದೆ. ನನ್ನ ಟೆಸ್ಟ್ ಡೆಸ್ಕಿನ ಹಾಗೆಯೇ. ಆದ್ದರಿಂದ ಹೊರಗಿನವರನ್ನು ಕೇಳಿದೆ. ಗೂಗಲಿನವರದ್ದು ಒಂದು ಪುಟ ಇದೆ, ಡಿಎನ್‌ಎಸ್ ಡಾಟ್ ಗೂಗಲ್ ಎಂದು. ಹೆಸರು ಕೊಟ್ಟರೆ ಅವರ ಸರ್ವರ್ ಏನು ಹೇಳುತ್ತದೆ ಎಂದು ತೋರಿಸುತ್ತದೆ. ಸ್ಟೇಟಸ್ 0 ಎಂದರೆ ತೊಂದರೆ ಇಲ್ಲ, 3 ಎಂದರೆ ಅಂಥ ಹೆಸರೇ ಇಲ್ಲ. ನಮಗೆ 0, ನಂಬರ್ 84.

ಕೊನೆಗೆ ಮನೆಯ ಕಂಪ್ಯೂಟರಿನ ಕಪ್ಪು ಕಿಟಕಿ ತೆರೆದು "ಎನ್‌ಎಸ್‌ಲುಕಪ್" ಎಂದು ಹೊಡೆದು ನಮ್ಮ ಸೈಟಿನ ಹೆಸರು ಕೊಟ್ಟೆ. ಇದು ನಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯ ಸರ್ವರನ್ನು ಕೇಳುತ್ತದೆ. ಬಂತು ನೋಡಿ, 17. ಅದೇ ಆಜ್ಞೆಯ ಕೊನೆಗೆ 8.8.8.8 ಸೇರಿಸಿ ಗೂಗಲನ್ನು ಕೇಳಿದರೆ 84. ಒಂದೇ ಕಂಪ್ಯೂಟರ್, ಒಂದೇ ತಂತಿ, ಎರಡು ಉತ್ತರ. ಇರುವೆ ಗೂಡು ಎಲ್ಲಿದೆ ಎಂದು ಗೊತ್ತಾಯಿತು.

ಗೊತ್ತಾಗಿ ಏನು ಪ್ರಯೋಜನ? ಕಂಪನಿಗೆ ಫೋನ್ ಮಾಡಿದೆ. "ಸರ್, ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ." ಮಾಡಿದೆ. "ಸರ್, ಬೇರೆ ಸೈಟ್ ಬರುತ್ತಿದೆಯಾ?" ಬರುತ್ತಿದೆ. "ಹಾಗಾದರೆ ನಮ್ಮ ಕಡೆಯಿಂದ ಎಲ್ಲ ಓಕೆ, ನಿಮ್ಮ ಸೈಟಿನದ್ದೇ ಪ್ರಾಬ್ಲಮ್." ನಿಮ್ಮ ಡಿಎನ್‌ಎಸ್ ಸರ್ವರ್ ಎರಡೂವರೆ ದಿನದ ಹಳೆಯ ಉತ್ತರ ಕೊಡುತ್ತಿದೆ ಮಾರಾಯ, ನೀನೇ ಒಮ್ಮೆ ಕೇಳಿ ನೋಡು ಎಂದೆ. ಪಾಪ, ಆ ಹುಡುಗನ ಪರದೆಯ ಮೇಲೆ ಅಂಥದ್ದೊಂದು ಬಟನ್ನೇ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ "ನಿಮ್ಮ ದೂರು ಬಗೆಹರಿದಿದೆ" ಎಂದು ಮೆಸೇಜ್ ಬಂತು. ಸೈಟ್ ತೆರೆದದ್ದು ಬುಧವಾರ. ಯಾಕೆ ತಡವಾಯಿತು ಎಂದು ಈವರೆಗೂ ಯಾರೂ ಹೇಳಿಲ್ಲ.

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬದಲಾಯಿಸುವ ಒಂದೆರಡು ದಿನ ಮೊದಲೇ ಟಿಟಿಎಲ್ ಅನ್ನು 300ಕ್ಕೆ, ಅಂದರೆ ಐದು ನಿಮಿಷಕ್ಕೆ ಇಳಿಸಬೇಕಿತ್ತು. ಹಳೆಯ ಸರ್ವರನ್ನು ಒಂದು ವಾರವಾದರೂ ಉಳಿಸಿಕೊಳ್ಳಬೇಕಿತ್ತು. ಹಳೆ ಮನೆಯ ಕೀಲಿಯನ್ನು ಸಾಮಾನು ಪೂರ್ತಿ ಸಾಗಿಸುವ ಮೊದಲು ಯಾರಾದರೂ ಕೊಡುತ್ತಾರಾ? ಸಣ್ಣ ವ್ಯಾಪಾರ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ಆ ಮೂರು ದಿನ ರೌಟರಿನಲ್ಲಿ ಗೂಗಲಿನ 8.8.8.8 ಅಥವಾ ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಡಿಎನ್‌ಎಸ್ ಹಾಕಿಕೊಂಡು ನಾವೇನೋ ಪಾರಾದೆವು. ಆದರೆ ಹಪ್ಪಳ ತರಿಸುವ ಅಜ್ಜಿಯಂದಿರಿಗೆಲ್ಲ "ನಿಮ್ಮ ರೌಟರಿನ ಸೆಟ್ಟಿಂಗ್ ತೆರೆಯಿರಿ ಅಮ್ಮ" ಎನ್ನಲು ಆಗುತ್ತದೆಯೇ?

ನಾನು ಕೇಳುವುದು ಜಾಸ್ತಿ ಏನಲ್ಲ. ಇಂಟರ್ನೆಟ್ ಕೊಡುವ ಕಂಪನಿಗಳು ತಮ್ಮ ಡಿಎನ್‌ಎಸ್ ಸರ್ವರ್ ಈ ಕ್ಷಣ ಏನು ಹೇಳುತ್ತಿದೆ ಎಂದು ತೋರಿಸುವ ಒಂದು ಪುಟ ಇಡಲಿ. ಹೆಸರು ಹಾಕಿದರೆ ನಂಬರ್ ಮತ್ತು ಉಳಿದ ಸೆಕೆಂಡು ಕಾಣಿಸಿದರೆ ಸಾಕು. ಹಳೆಯ ಉತ್ತರ ಕಂಡರೆ ಅಳಿಸಿಹಾಕುವ ಬಟನ್ ಕೂಡ ಅಲ್ಲೇ ಇರಲಿ. ಇದು ಆಗದ ಮಾತಲ್ಲ. ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಕಂಪನಿಗಳು ತಮ್ಮ ಸರ್ವರಿನ ನೆನಪು ಅಳಿಸಲು ಇಂಥ ಪುಟವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿವೆ. ತಿಂಗಳಿಗೆ ಬಿಲ್ ಕಟ್ಟಿಸಿಕೊಳ್ಳುವವರಿಗೆ ಇಷ್ಟೂ ಆಗುವುದಿಲ್ಲವೇ? ದೂರು ತೆಗೆದುಕೊಳ್ಳುವ ಹುಡುಗ ಹುಡುಗಿಯರಿಗೂ ರೌಟರ್ ಆಫ್ ಮಾಡಿಸುವ ಮೊದಲು ಈ ಒಂದು ಪರೀಕ್ಷೆ ಕಲಿಸಲಿ. ಅರ್ಧ ನಿಮಿಷದ ಕೆಲಸ.

ದೂರಿನ ನಂಬರ್ ನನ್ನ ಡೈರಿಯಲ್ಲಿ ಜೋಪಾನವಾಗಿದೆ. ಸಂಬಂಧಪಟ್ಟವರು ಈ ಪತ್ರ ಓದಿದರೆ ಮೊದಲು ತಮ್ಮ ಸರ್ವರಿಗೇ ಕೇಳಿ ನೋಡಲಿ, ಆಮೇಲೆ ನನಗೆ ಫೋನ್ ಮಾಡಲಿ. ಲ್ಯಾಂಡ್‌ಲೈನ್ ಈಗಲೂ ಇದೆ.

— ನಿವೃತ್ತ ಟೆಲಿಫೋನ್ ನೌಕರ, ಕುಂಜಿಬೆಟ್ಟು, ಉಡುಪಿ